ಮನೆ ತೋರಿಸುವ ಮುಂಚೆ: ಯಾವ ವಾಸನೆ ಇರಲಿ, ಎಷ್ಟು ಅಲಂಕಾರ ಸಾಕು?

ಮನೆ ನೋಡಲು ಬಂದವರು ಬಾಯಲ್ಲಿ ಕೇಳುವುದು ಸೈಟ್ ಅಳತೆ, ಖಾತೆ, ಬೋರ್‌ವೆಲ್ ನೀರು. ಆದರೆ ಬಾಗಿಲು ತೆಗೆದ ಕೂಡಲೇ ಅವರ ಮೂಗು ಬೇರೆಯೇ ತನಿಖೆ ಶುರು ಮಾಡಿರುತ್ತದೆ. ಚಿಕ್ಕಮಗಳೂರಿನಲ್ಲಿ ಮನೆ ತೋರಿಸುವುದೇ ನನ್ನ ಕಸುಬು, ಹಾಸನಕ್ಕೂ ಆಗಾಗ ಹೋಗುತ್ತೇನೆ. ಯಜಮಾನರು ಹಾಲ್‌ನಲ್ಲಿ ಹೆಜ್ಜೆ ಹಾಕಿ ಅಳತೆ ನೋಡುತ್ತಿರುತ್ತಾರೆ. ಅವರ ಮನೆಯವರು ಸುಮ್ನೆ ಮಲಗುವ ಕೋಣೆಗೆ ಹೋಗಿ ಬೀರು ಬಾಗಿಲು ತೆಗೆದು ಮುಖ ಹತ್ತಿರ ಒಯ್ಯುತ್ತಾರೆ. ಒಂದು ಸಲ ಉಸಿರು ಎಳೆದುಕೊಂಡು ಮುಚ್ಚುತ್ತಾರೆ. ಆಮೇಲೆ ಇಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ರೇಟು ಅಲ್ಲೇ ಇಳಿದಿರುತ್ತದೆ.

ಮಾರುವವರು ನನಗೆ ಫೋನ್ ಮಾಡಿ ಕೇಳುವುದು "ಯಾವ ಸ್ಪ್ರೇ ತರಿಸಲಿ, ಯಾವ ಬಣ್ಣ ಹೊಡೆಸಲಿ" ಅಂತ. ಮಲೆನಾಡಿನ ಅಂಚಿನ ಮನೆಗಳಲ್ಲಿ ಏನು ಸೇರಿಸಬೇಕು ಅನ್ನುವುದಕ್ಕಿಂತ ಏನು ತೆಗೆಯಬೇಕು ಅನ್ನುವುದೇ ದೊಡ್ಡ ಲೆಕ್ಕ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಇರುವ ವಾಸನೆ

ಇದ್ದ ಮನೆಯ ವಾಸನೆ ಇದ್ದವರಿಗೆ ಗೊತ್ತಾಗುವುದಿಲ್ಲ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕಳೆದರೆ ಮೂಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ವರ್ಷಗಟ್ಟಲೆ ಇದ್ದವರ ಕಥೆ ಕೇಳಲೇಬೇಡಿ. ಅದಕ್ಕೆ ಹೊರಗಿನ ಮೂಗು ಬೇಕು. ಕಡೂರು, ಅರಸೀಕೆರೆ ಕಡೆಯ ನೆಂಟರಿದ್ದರೆ ಅವರೇ ಸರಿ. ಅವರದು ಒಣ ಊರು, ಥಂಡಿಯ ವಾಸನೆ ಅವರಿಗೆ ಹೊಸ್ತಿಲಲ್ಲೇ ಸಿಕ್ಕಿಬಿಡುತ್ತದೆ. "ದಾಕ್ಷಿಣ್ಯ ಬೇಡ ಅಕ್ಕ, ಏನು ವಾಸನೆ ಬರ್ತಿದೆ ಹೇಳು" ಅಂತ ನೇರವಾಗಿ ಕೇಳಿ.

ಮುಗ್ಗಲು ವಾಸನೆ ಗೋಡೆಯಿಂದಲೇ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಸಾಮಾನಿನಿಂದ ಬರುತ್ತದೆ. ಅಟ್ಟದ ಮೇಲಿನ ಹಳೇ ಹತ್ತಿ ಹಾಸಿಗೆ, ಮಡಚಿಟ್ಟ ಗೋಣಿಚೀಲ, ಮೂಲೆಯಲ್ಲಿ ನಿಲ್ಲಿಸಿದ ಛತ್ರಿ, ಒದ್ದೆ ಕಂಬಳಿ, ನಾಯಿ ಮಲಗುವ ಚಾಪೆ, ಮಳೆಗಾಲದಲ್ಲಿ ನಡುಮನೆಯಲ್ಲೇ ಹಗ್ಗ ಕಟ್ಟಿ ಒಣಗಿಸುವ ಬಟ್ಟೆ. ಗೋಣಿಚೀಲವಂತೂ ನೀರನ್ನೂ ವಾಸನೆಯನ್ನೂ ಒಟ್ಟಿಗೆ ಹೀರಿಟ್ಟುಕೊಳ್ಳುತ್ತದೆ. ಕಾಫಿ, ಮೆಣಸು ತುಂಬಿಟ್ಟ ಮನೆಗಳಲ್ಲಿ ಚೀಲ ಖಾಲಿಯಾದ ಮೇಲೂ ಬಿಸಾಡುವುದಿಲ್ಲ, "ಬೇಕಾಗುತ್ತೆ" ಅಂತ ಇಡುತ್ತಾರೆ. ಮನೆ ತೋರಿಸುವ ಮುಂಚೆ ಆ ಕಟ್ಟು ಹೊರಗೆ ಹೋದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಕಳ್ಳ ಇದ್ದಾನೆ. ಬಚ್ಚಲಿನ ನೆಲದ ಜಾಲರಿ. ಅದರ ಕೆಳಗಿನ ಬಾಗಿದ ಪೈಪಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು. ಮನೆ ಖಾಲಿ ಬಿದ್ದಿದ್ದರೆ ಆ ನೀರು ಆರಿಹೋಗುತ್ತದೆ. ಆಮೇಲೆ ಇಡೀ ಮನೆ ನಾರುತ್ತದೆ. ಜನ ಫಿನಾಯಿಲ್ ಸುರಿಯುತ್ತಾರೆ, ಪ್ಲಂಬರ್ ಕರೆಸುತ್ತಾರೆ. ಬೇಕಾದದ್ದು ಪ್ರತಿ ಜಾಲರಿಗೆ ಒಂದೆರಡು ಚೊಂಬು ನೀರು. ತಿಂಗಳುಗಟ್ಟಲೆ ಬಾಗಿಲು ಹಾಕಿರುವ ಮನೆಯಾದರೆ ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ.

ಥಂಡಿ ತೆಗೆಯುವ ದಾರಿಗಳಲ್ಲಿ ಬಿಸಿಲು, ಗಾಳಿಯನ್ನು ಮೀರಿಸಿದ್ದು ಯಾವುದೂ ಇಲ್ಲ, ಖರ್ಚೂ ಇಲ್ಲ. ಎದುರುಬದುರು ಕಿಟಕಿ ತೆಗೆಯಿರಿ, ಬೀರು, ಮಂಚ ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ, ಫ್ಯಾನ್ ಓಡಲಿ. ಆದರೆ ಜೋರು ಮಳೆ ಇದ್ದಾಗ ಕಿಟಕಿ ತೆಗೆದರೆ ಥಂಡಿ ಒಳಗೇ ಬರುತ್ತದೆ, ಆಗ ಮುಚ್ಚಿಯೇ ಇಡಬೇಕು. ಆಗ ಉಪಯೋಗಕ್ಕೆ ಬರುವುದು ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯಲ್ಲಿರುವ ತೇವ ಹೀರುವ ಯಂತ್ರ. ಬಾಗಿಲು ಹಾಕಿದ ಒಂದು ಕೋಣೆಯಲ್ಲಿ ಓಡಿಸಿದರೆ ಅದರ ತೊಟ್ಟಿಯಲ್ಲಿ ನೀರು ತುಂಬುವುದನ್ನು ಕಣ್ಣಾರೆ ನೋಡಬಹುದು. ಬೆಲೆ ಜಾಸ್ತಿ, ಮತ್ತೆ ಕರೆಂಟ್ ಬೇಕು. ಮೂಡಿಗೆರೆ, ಶೃಂಗೇರಿ, ಸಕಲೇಶಪುರ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬಿ ಯಾರೂ ಕೂರುವುದಿಲ್ಲ. ಒಂದು ಮನೆ ಮಾರುವುದಕ್ಕೆ ಅಂತ ಅದನ್ನು ಕೊಳ್ಳಬೇಡಿ. ಗೊತ್ತಿದ್ದವರ ಹತ್ತಿರ ಇದ್ದರೆ ಸ್ವಲ್ಪ ದಿನಕ್ಕೆ ಕೇಳಿ ತನ್ನಿ. ಇದ್ದಿಲಿನ ತಟ್ಟೆ ಬೀರುವಿನೊಳಗೆ, ಶೂ ಸ್ಟ್ಯಾಂಡಿನಲ್ಲಿ ವಾಸನೆ ಹಿಡಿದಿಡುತ್ತದೆ, ಇಡೀ ಕೋಣೆಗೆ ಸಾಲುವುದಿಲ್ಲ. ನುಸಿಗುಳಿಗೆ ಮಾತ್ರ ಬೇಡವೇ ಬೇಡ. ಅದರ ವಾಸನೆ ಬಂದ ಕೂಡಲೇ ನೋಡುವವರಿಗೆ "ಇದು ಬಹಳ ದಿನ ಮುಚ್ಚಿದ್ದ ಮನೆ" ಅನ್ನಿಸುತ್ತದೆ.

ಬೂಷ್ಟು ಹಿಡಿದ ಗೋಡೆಗೆ ಬ್ಲೀಚಿಂಗ್ ಪುಡಿ ನೀರಲ್ಲಿ ಕದಡಿ ಒರೆಸಬಹುದು. ಅದರ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅಥವಾ ವಿನಿಗರ್ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ತೆಗೆದೇ ಮಾಡಿ.

ಪರಿಮಳ: ಯಾವುದು, ಎಷ್ಟು?

ಮನೆ ಒಣಗಿ ಸ್ವಚ್ಛವಾದ ಮೇಲೂ ಏನಾದರೂ ಇರಲಿ ಅನ್ನಿಸಿದರೆ ಮಾತ್ರ ಈ ಭಾಗ ಓದಿ.

ಊದಿನಕಡ್ಡಿ ಎಲ್ಲರಿಗೂ ಮೊದಲು ನೆನಪಾಗುತ್ತದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೇ ಇದೆ, ನಮ್ಮವರಿಗೆ ಅದರ ಮೇಲೆ ಅಕ್ಕರೆ ಜಾಸ್ತಿ. ಬೆಳಿಗ್ಗೆ ದೇವರಿಗೆ ಹಚ್ಚಿದ ಒಂದು ಕಡ್ಡಿಯ ವಾಸನೆ ಹತ್ತು ಗಂಟೆಗೆ ಬಂದವರಿಗೆ ತೆಳುವಾಗಿ ಸಿಕ್ಕರೆ ಚೆನ್ನ. ಅವರು ಗೇಟ್ ತೆಗೆಯುವಾಗ ಕಟ್ಟಿನಿಂದ ನಾಲ್ಕು ಕಡ್ಡಿ ಎಳೆದು ಹಚ್ಚಿದರೆ ಕೆಟ್ಟಿತು. ಹೊಗೆ ಇನ್ನೂ ಗಾಳಿಯಲ್ಲಿ ತೇಲುತ್ತಿದ್ದರೆ "ಏನೋ ಮುಚ್ಚುತ್ತಿದ್ದಾರೆ" ಅಂತ ಸಂಶಯ ಬರುತ್ತದೆ. ಕೆಮ್ಮು, ದಮ್ಮು ಇರುವವರು ಜೊತೆಗಿದ್ದರೆ ಅವರು ಅಂಗಳದಲ್ಲೇ ಉಳಿದುಬಿಡುತ್ತಾರೆ.

ಸಾಂಬ್ರಾಣಿ ಬೇರೆ ವಿಷಯ. ಕೆಂಡದ ಮೇಲೆ ಹಾಕಿ ಮೂಲೆ ಮೂಲೆಗೆ ಹಿಡಿದರೆ ಹಳೇ ಹೆಂಚಿನ ಮನೆಗೆ ಅದು ಒಪ್ಪುತ್ತದೆ. ಆದರೆ ಹಿಂದಿನ ದಿನ ಸಂಜೆ ಹಾಕಬೇಕು, ರಾತ್ರಿಯೆಲ್ಲ ಆರಬೇಕು. ಹಾಸನದ ಹೊಸ ಬಡಾವಣೆಯ ಕಾಂಕ್ರೀಟ್ ಮನೆಗೆ, ಗಾಳಿ ಆಡದ ಫ್ಲ್ಯಾಟಿಗೆ ಅದು ಭಾರ. ಪರದೆಗೆಲ್ಲ ಹತ್ತಿಕೊಂಡು ದಿನಗಟ್ಟಲೆ ಹೋಗುವುದಿಲ್ಲ.

ಸ್ಪ್ರೇ ಡಬ್ಬಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಂತ್ರ, ಪರಿಮಳದ ಎಣ್ಣೆಯಲ್ಲಿ ಕಡ್ಡಿ ಅದ್ದಿದ ಬಾಟಲಿ, ಇವೆಲ್ಲ ಒಂದೇ ಜಾತಿ. ಸ್ಪ್ರೇ ಮೊದಲ ಐದು ನಿಮಿಷ ಜೋರು, ಆಮೇಲೆ ಮಾಯ. ಅದು ಇಳಿದ ಮೇಲೆ ಕೆಳಗಿದ್ದ ಮುಗ್ಗಲು ವಾಸನೆ ಮತ್ತೆ ಮೇಲೆ ಬರುತ್ತದೆ. ಬಂದವರು ಮನೆಯಲ್ಲಿ ಅರ್ಧ ಗಂಟೆಯಾದರೂ ಇರುತ್ತಾರೆ ಅನ್ನುವುದನ್ನು ಮರೆಯಬೇಡಿ. ಕಡ್ಡಿ ಅದ್ದಿದ ಬಾಟಲಿ ಇವುಗಳಲ್ಲಿ ವಾಸಿ. ಮೆಲ್ಲಗೆ ಬಿಡುತ್ತದೆ, ಕರೆಂಟ್ ಬೇಡ, ಕಡ್ಡಿ ಕಡಿಮೆ ಮಾಡಿದರೆ ವಾಸನೆಯೂ ಕಡಿಮೆ. ಕೊಳ್ಳುವುದಾದರೆ ಹೆಸರು ಗೊತ್ತಾಗುವ ಒಂದೇ ಪರಿಮಳ ಕೊಳ್ಳಿ: ನಿಂಬೆ, ಕಿತ್ತಳೆ, ಮಜ್ಜಿಗೆ ಹುಲ್ಲು. "ಸಾಗರದ ತಂಗಾಳಿ" ಅಂತ ಹೆಸರಿಟ್ಟಿದ್ದು ಬೇಡ. ನಾನು ಸುಮ್ನೆ ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ಒಂದು ಗೃಹಾಲಂಕಾರದ ಅಂಗಡಿಯಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 2013ರಲ್ಲಿ ಅದು ಪ್ರಕಟವಾಯಿತು. ಬರೀ ಕಿತ್ತಳೆಯ ಪರಿಮಳ ಇದ್ದಾಗ ಗಿರಾಕಿಗಳು ಸರಾಸರಿ ಶೇ 20ರಷ್ಟು ಜಾಸ್ತಿ ಖರ್ಚು ಮಾಡಿದರು. ಕಿತ್ತಳೆಗೆ ಬೇಸಿಲ್, ಗ್ರೀನ್ ಟೀ ಬೆರೆಸಿದಾಗ ಆ ಪರಿಣಾಮ ಸಿಗಲಿಲ್ಲ. ಅದು ಅಂಗಡಿ, ಇದು ಮನೆ, ಹಾಗಾಗಿ ನೇರವಾಗಿ ಹೋಲಿಸಲು ಬರುವುದಿಲ್ಲ. ಆದರೂ ಮೂಗಿಗೆ ಒಗಟು ಕೊಡಬಾರದು ಅನ್ನುವುದು ನನ್ನ ಅನುಭವಕ್ಕೂ ಸರಿ ಬರುತ್ತದೆ. ತೋಟದಲ್ಲಿ ಕಾಫಿ ನಡುವೆ ಕಿತ್ತಳೆ ಗಿಡ ಇರುವವರಿಗೆ ಬಾಟಲಿಯೂ ಬೇಡ. ಸಿಪ್ಪೆಯನ್ನು ನೀರಲ್ಲಿ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು.

ಇನ್ನು ಕಾಫಿ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಬೆಂಗಳೂರಿನವರು ಬಂದರೆ ಕಾಫಿ ವಾಸನೆಗೆ ಕರಗುತ್ತಾರೆ. ಅವರು ಅರ್ಧ ಕೊಳ್ಳುವುದೇ ಬಾಬಾಬುಡನ್‌ಗಿರಿಯನ್ನು, ಮಂಜನ್ನು, ಕಾಫಿಯನ್ನು. ಅವರಿಗೆ ಆಗಷ್ಟೇ ಪುಡಿ ಮಾಡಿಸಿದ ಕಾಫಿಯ ಡಿಕಾಕ್ಷನ್ ಇಳಿಸಿ. ಫಿಲ್ಟರ್‌ಗೆ ಬಿಸಿ ನೀರು ಹಾಕುವ ಹೊತ್ತಿಗೆ ಅವರು ಅಡುಗೆಮನೆ ಹತ್ತಿರ ಬಂದಿರಲಿ. ಊರಿನವರೇ ಬಂದರೆ? ಅವರ ಮನೆಯಲ್ಲೂ ಅದೇ ವಾಸನೆ, ಮೂಗಿಗೆ ಬೀಳುವುದೂ ಇಲ್ಲ. ಅವರಿಗೆ ಲೋಟ ತುಂಬ ಕಾಫಿ ಕೊಟ್ಟರೆ ಸಾಕು, ಅದರ ಪರಿಮಳದಿಂದ ಒಂದು ರೂಪಾಯಿಯೂ ಏರುವುದಿಲ್ಲ. ತೋಟದ ಪಕ್ಕದ ಮನೆಯಾದರೆ ಇನ್ನೊಂದು ಮಾತು. ಕೊಯ್ಲಿನ ಸಮಯದಲ್ಲಿ, ಡಿಸೆಂಬರ್, ಜನವರಿ ಹೊತ್ತಿಗೆ, ಪಲ್ಪಿಂಗ್ ಮಾಡಿದಾಗ, ಅಂದರೆ ಕಾಫಿ ಹಣ್ಣಿನಿಂದ ಬೀಜ ಬಿಡಿಸಿದಾಗ, ಉಳಿದ ಸಿಪ್ಪೆ ಕೊಳೆತು ಹುಳಿ ವಾಸನೆ ಬರುತ್ತದೆ. ಹೊರಗಿನ ಗಾಳಿಗೆ ಯಾವ ಸ್ಪ್ರೇಯೂ ಇಲ್ಲ. ಆ ಮನೆಯನ್ನು ಕಾಫಿ ಹೂ ಬಿಟ್ಟಾಗ ತೋರಿಸಿ. ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನದ ಹೊತ್ತಿಗೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಪರಿಮಳ ಬರುತ್ತದೆ. ಇರುವುದು ಕೆಲವೇ ದಿನ. ಬೆಂಗಳೂರಿನ ಗಿರಾಕಿ ಇದ್ದರೆ ಮಳೆ ಬಿದ್ದ ದಿನವೇ ಫೋನ್ ಮಾಡಿ "ಮುಂದಿನ ಶನಿವಾರ ಬನ್ನಿ ಸಾರ್" ಅನ್ನಿ.

ಹೂವಿನಲ್ಲಿ ಸಂಪಿಗೆ ಚೆನ್ನಾಗಿದ್ದರೂ ಮುಚ್ಚಿದ ಕೋಣೆಯಲ್ಲಿ ತಲೆನೋವು ತರಿಸುತ್ತದೆ. ಜಗಲಿಯಲ್ಲಿ ನೀರಿನ ಬಟ್ಟಲಿಗೆ ಒಂದೆರಡು ಸಾಕು. ನನ್ನ ಮೆಚ್ಚಿನದು ಸುರಗಿ. ಒಣಗಿದ ಮೇಲೂ ಪರಿಮಳ ಬಿಡದ ಹೂವು ಅದು. ಮಲೆನಾಡಿನ ಅಜ್ಜಿಯರು ಒಣ ಸುರಗಿ ಸರವನ್ನು ಸೀರೆಗಳ ನಡುವೆ ಇಡುತ್ತಿದ್ದರು. ಆ ಬೀರು ಬಾಗಿಲು ತೆಗೆದು ಮೂಸಿ ನೋಡುವವರಿದ್ದಾರಲ್ಲ, ಅವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಬೇಸಿಗೆಯ ಮೊದಲಲ್ಲಿ ಸಿಗುತ್ತದೆ, ಕೊಂಡು ಒಣಗಿಸಿಡಿ. ಸಿಗದಿದ್ದರೆ ಲಾವಂಚದ ಬೇರಿನ ಒಂದು ಕಟ್ಟು.

ಏನೂ ಇಲ್ಲದಿರುವುದು? ಅದೂ ಒಂದು ಆಯ್ಕೆಯೇ. ಒಣಗಿದ, ಗುಡಿಸಿ ಒರೆಸಿದ, ಕಿಟಕಿ ತೆಗೆದ ಮನೆ. ಹಾಸನದ ವಿದ್ಯಾನಗರ, ಕುವೆಂಪುನಗರದಂಥ ಬಡಾವಣೆಗಳಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮನೆಗೆ ನಾನು ಹೇಳುವುದು ಇದನ್ನೇ. ಊರವರು, ಅದರಲ್ಲೂ ವಯಸ್ಸಾದವರು ಕೊಳ್ಳುವುದಾದರೆ ಪರಿಮಳಕ್ಕಿಂತ ಇದನ್ನೇ ನಂಬುತ್ತಾರೆ.

ಬಣ್ಣ: ಬೆಳ್ಳಗಿರುವುದೆಲ್ಲ ಹಾಲಲ್ಲ

ಸುಣ್ಣ, ಡಿಸ್ಟೆಂಪರ್, ಎಮಲ್ಷನ್ ಈ ಮೂರರಲ್ಲಿ ಯಾವುದು ಅಂತ ಕೇಳುವವರು ಮೊದಲು ಗೋಡೆ ಯಾವುದು ಅಂತ ನೋಡಬೇಕು.

ಮಣ್ಣಿನ ಗೋಡೆ, ಸುಣ್ಣದ ಗಾರೆಯ ಹಳೇ ಮನೆಗೆ ಸುಣ್ಣವೇ ಸರಿ. ಗೋಡೆಯೊಳಗಿನ ತೇವ ಹೊರಗೆ ಹೋಗಲು ಅದು ಬಿಡುತ್ತದೆ. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೇಗ ಏಳುವುದಿಲ್ಲ. ಸ್ವಲ್ಪ ನೀಲಿ ಹಾಕಿ ಎರಡು ಕೈ ಹೊಡೆದರೆ ಕೋಣೆ ಬೆಳಗುತ್ತದೆ, ಖರ್ಚೂ ಕಡಿಮೆ. ಒಂದೇ ತೊಂದರೆ, ಒರಗಿದವರ ಬೆನ್ನಿಗೆ ಮೆತ್ತುತ್ತದೆ. ಕಪ್ಪು ಕೋಟು ಹಾಕಿಕೊಂಡು ಬಂದವರನ್ನು ಗೋಡೆಯಿಂದ ದೂರ ಕೂರಿಸಿ. ಡಿಸ್ಟೆಂಪರ್ ಅಗ್ಗ, ನೋಡಲು ನುಣುಪು, ಆದರೆ ಥಂಡಿ ಗೋಡೆಯಲ್ಲಿ ಒಂದು ಮಳೆಗಾಲಕ್ಕೆ ಕಲೆ ಏಳುತ್ತದೆ. ಎಮಲ್ಷನ್ ಇಟ್ಟಿಗೆ, ಸಿಮೆಂಟಿನ ಒಣ ಗೋಡೆಗೆ ಒಳ್ಳೆಯದು, ಒರೆಸಲೂ ಬರುತ್ತದೆ. ಅದನ್ನೇ ತೇವ ಇರುವ ಹಳೇ ಗೋಡೆಗೆ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣ ಉಬ್ಬಿ ಸಿಪ್ಪೆ ಏಳುತ್ತದೆ.

ಮಾರುವ ಮುಂಚೆ ಒಂದೇ ಒಂದು ಗೋಡೆಗೆ ಹೊಸ ಪುಟ್ಟಿ, ಹೊಸ ಬಣ್ಣ ಹೊಡೆಸುವವರಿದ್ದಾರೆ. ದಯವಿಟ್ಟು ಬೇಡ. ಮಿಕ್ಕ ಮೂರು ಗೋಡೆ ಹಳೇದು, ಒಂದು ಮಾತ್ರ ಮಿರಮಿರ ಅಂದರೆ ಬಂದವರು ಅಲ್ಲಿಗೇ ಹೋಗಿ ಬೆರಳಲ್ಲಿ ಕುಟ್ಟುತ್ತಾರೆ. ಟೊಳ್ಳು ಸದ್ದು ಬಂದರೆ ಮುಗಿಯಿತು. ಕಾನೂನೂ ಇದೆ. ಕೊಳ್ಳುವವರು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದಂಥ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ತಿಳಿಸಬೇಕು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಹೇಳುತ್ತದೆ. ನೀರು ಸೋರುವ ಗೋಡೆಯನ್ನು ರಿಪೇರಿ ಮಾಡಿಸಿ, ಇಲ್ಲವೇ ಹೇಳಿ ರೇಟಿನಲ್ಲಿ ಇಳಿಸಿ. ನನ್ನ ಲೆಕ್ಕದಲ್ಲಿ ಹೇಳಿ ಇಳಿಸುವುದೇ ಎಷ್ಟೋ ಸಲ ಅಗ್ಗ. ಹೆಂಚು ಸರಿಸಿ ಹೊದೆಸುವುದು, ಒಡೆದದ್ದನ್ನು ಬದಲಿಸುವುದು ಮಾತ್ರ ಮಾಡಿಸಿಯೇಬಿಡಿ. ಅದಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತದೆ.

ಬಣ್ಣ ಹೊಡೆಸಿದರೆ ತೋರಿಸುವುದಕ್ಕೆ ಎರಡು ಮೂರು ವಾರ ಮುಂಚೆಯೇ ಮುಗಿಸಿ. ಪೇಂಟ್ ವಾಸನೆ ಇದ್ದಷ್ಟು ದಿನ ಸಂಶಯವೂ ಇರುತ್ತದೆ.

ನೆಲ, ಸಾಮಾನು, ಗೋಡೆ ಮೇಲಿನದು

ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಬೇಕೋ ಬೇಡವೋ? ಬೆಂಗಳೂರಿನವರಿಗೆ, ಹೋಮ್‌ಸ್ಟೇ ಮಾಡುವವರಿಗೆ ಆ ನೆಲವೇ ಬಂಡವಾಳ. ಊರಿನ ಸಂಸಾರಸ್ಥರಿಗೆ ವಿಟ್ರಿಫೈಡ್ ಟೈಲ್ಸ್ ಇಷ್ಟ, ಆದರೆ ಅವರು ತಮಗೆ ಬೇಕಾದ್ದನ್ನೇ ಹಾಕಿಸಿಕೊಳ್ಳುತ್ತಾರೆ, ನೀವು ಆರಿಸಿದ್ದನ್ನಲ್ಲ. ಆದ್ದರಿಂದ ಎರಡೂ ಕಡೆ ಲೆಕ್ಕ ಒಂದೇ: ಹಾಕಿಸಬೇಡಿ. ಹೊಳಪಿಗೆ ಕೊಬ್ಬರಿ ಎಣ್ಣೆ ಒರೆಸುವ ಪದ್ಧತಿ ಇದೆ. ಆ ದಿನ ಚಂದ, ಆಮೇಲೆ ಧೂಳು ಅಂಟಿ ಎಣ್ಣೆ ಕಮಟು ವಾಸನೆ ಬರುತ್ತದೆ, ಕಾಲೂ ಜಾರುತ್ತದೆ. ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜುವುದು ವಾಸಿ.

ಸಾಮಾನು ಇಟ್ಟು ತೋರಿಸುವುದೋ, ಖಾಲಿ ಮಾಡಿ ತೋರಿಸುವುದೋ? ಖಾಲಿ ಕೋಣೆ ಚಿಕ್ಕದಾಗಿ ಕಾಣುತ್ತದೆ, ಸದ್ದು ಗುಂಯ್ ಅನ್ನುತ್ತದೆ, ಗೋಡೆಯ ಪ್ರತಿ ಮೊಳೆ ತೂತೂ ಎದ್ದು ಕಾಣುತ್ತದೆ. ತುಂಬಿ ತುಳುಕುವ ಕೋಣೆ ಇನ್ನೂ ಕೆಟ್ಟದ್ದು. ಕೋಣೆಗೆ ಎರಡು ಮೂರು ಸಾಮಾನು ಇರಲಿ: ಮಂಚ ಹಿಡಿಯುತ್ತದೆ, ಪಕ್ಕದಲ್ಲಿ ಓಡಾಡಲೂ ಜಾಗ ಇದೆ ಅಂತ ಗೊತ್ತಾಗುವಷ್ಟು. ಬೀಟೆ, ತೇಗದ ಹಳೇ ಮಂಚ, ಕುರ್ಚಿ ಇದ್ದರೆ ಒರೆಸಿ ಮುಂದೆ ಇಡಿ. ಪ್ಲಾಸ್ಟಿಕ್ ಕುರ್ಚಿ ರಾಶಿ, ಸಿಂಟೆಕ್ಸ್ ಡ್ರಮ್ಮು, ಹಳೇ ಟಿವಿ ಹಿತ್ತಲಿಗೆ.

ದೇವರಮನೆಯನ್ನು ಖಾಲಿ ಮಾಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ದೀಪ, ಸ್ವಲ್ಪ ಹೂವು ಇದ್ದರೆ ಮನೆಗೆ ಕಳೆ ಬರುತ್ತದೆ, ಬೇರೆ ಧರ್ಮದವರು ಬಂದರೂ ಅದರಿಂದ ಮುಜುಗರ ಪಟ್ಟದ್ದನ್ನು ನಾನು ಕಂಡಿಲ್ಲ. ತೆಗೆಯಬೇಕಾದದ್ದು ಹಳೇ ಕ್ಯಾಲೆಂಡರ್‌ಗಳು. ಬ್ಯಾಂಕಿನದು, ಚಿನ್ನದಂಗಡಿಯದು, ಗೊಬ್ಬರದಂಗಡಿಯದು, ಒಂದೇ ಮೊಳೆಗೆ ನಾಲ್ಕು ವರ್ಷದ್ದು. ಹಿರಿಯರ ಫೋಟೋ ಒಂದಿದ್ದರೆ ಇರಲಿ, ಮದುವೆ ಆಲ್ಬಮ್‌ನ ಅಷ್ಟೂ ಬೇಡ.

ತೋಟದ ಹಳೇ ಬಂಗಲೆಗಳ ಗೋಡೆಯಲ್ಲಿ ಜಿಂಕೆ ಕೊಂಬು, ಕಾಟಿಯ (ಕಾಡುಕೋಣದ) ತಲೆ ತೂಗುಹಾಕಿರುತ್ತಾರೆ. ತಾತನ ಕಾಲದ ಶಿಕಾರಿ ಅಂತ ಹೆಮ್ಮೆ. ಅದು ಅಲಂಕಾರದ ಪ್ರಶ್ನೆ ಅಲ್ಲವೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಇಂಥವನ್ನು ಇಟ್ಟುಕೊಳ್ಳುವುದು ಅಪರಾಧ. 2023ರಲ್ಲಿ ಹುಲಿ ಉಗುರಿನ ಗಲಾಟೆ ರಾಜ್ಯವೆಲ್ಲ ಎದ್ದದ್ದು ನೆನಪಿದೆ ಅಲ್ವಾ? ಮನೆ ಫೋಟೋ ತೆಗೆದು ಗ್ರೂಪ್‌ಗಳಿಗೆ ಹಾಕುವ ಮುಂಚೆ ವಕೀಲರನ್ನು ಕಂಡು ಮಾತಾಡಿ.

ಯಾವಾಗ ತೋರಿಸುವುದು?

ಆಷಾಢದಲ್ಲಿ ಯಾರೂ ಮನೆ ವಿಷಯ ಎತ್ತುವುದಿಲ್ಲ. ಶ್ರಾವಣ ಬಂದ ಕೂಡಲೇ ಫೋನ್ ಶುರು. ಆದರೆ ಮಲೆನಾಡಿನಲ್ಲಿ ಆ ಹೊತ್ತಿಗೆ ಮನೆ ಎರಡು ತಿಂಗಳ ಮಳೆ ಕುಡಿದು ಕೂತಿರುತ್ತದೆ. ಹಾಗಾಗಿ ಸೋರುವ, ಥಂಡಿ ಹಿಡಿಯುವ ಮನೆಯಾದರೆ ಶ್ರಾವಣದ ಗಿರಾಕಿಯನ್ನು ಬಿಟ್ಟು ದೀಪಾವಳಿ ದಾಟಿದ ಮೇಲಿನ ಬಿಸಿಲಿಗೆ ಕಾಯುವುದು ಒಳ್ಳೆಯದು. ಸೋರದ ಮನೆಯಾದರೆ ಉಲ್ಟಾ. ಹೊರಗೆ ಮಳೆ ಸುರಿಯುತ್ತಿರುವಾಗಲೇ ಕರೆದು ತೋರಿಸಿ. ಗೋಡೆ ಮುಟ್ಟಿ ನೋಡಿ ಅನ್ನಿ. ಮಳೆಯಲ್ಲಿ ಒಣಗಿರುವ ಮನೆಗೆ ಬೇರೆ ಜಾಹೀರಾತು ಬೇಡ.

ಹಾಸನದ ಹಳೇ ಊರಿನ ಮನೆಯಾದರೆ ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಯಾರನ್ನೂ ಕರೆಯಬೇಡಿ. ಕಾರು ನಿಲ್ಲಿಸಲು ಜಾಗ ಸಿಗದೆ ಅರ್ಧ ಗಂಟೆ ಸುತ್ತಿದವರು ಒಳಗೆ ಬರುವ ಹೊತ್ತಿಗೇ ರೇಗಿರುತ್ತಾರೆ.

ದಿನದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯದು. ತಿಂಡಿಯ ಒಗ್ಗರಣೆ ವಾಸನೆ ಹೋಗಿರುತ್ತದೆ, ಮಧ್ಯಾಹ್ನದ ಸಾರು ಶುರುವಾಗಿರುವುದಿಲ್ಲ. ಹಿಂದಿನ ರಾತ್ರಿ ಮೀನು ಕರಿಯಬೇಡಿ. ಬಚ್ಚಲು ಒಲೆ ಇರುವ ಮನೆಯಾದರೆ ಹಂಡೆಗೆ ಬೆಂಕಿ ಹಾಕಿರಲಿ ಅಂತ ನಾನು ಹೇಳುತ್ತೇನೆ. ಸೌದೆ ಹೊಗೆ ಹೊರಗೆ ಸರಿಯಾಗಿ ಹೋಗುತ್ತಿದ್ದರೆ ಆ ವಾಸನೆ ಯಾರಿಗೂ ಬೇಸರ ತರುವುದಿಲ್ಲ. ಹೊಗೆ ಒಳಗೇ ಸುತ್ತುವುದಾದರೆ ಬೇಡ.

ಅಲಂಕಾರಕ್ಕೆ ಅಂತ ಇಟ್ಟದ್ದರಲ್ಲಿ ಯಾವುದು ಮನೆಯ ಜೊತೆ ಹೋಗುತ್ತದೆ, ಯಾವುದು ನಿಮ್ಮ ಜೊತೆ ಬರುತ್ತದೆ ಅನ್ನುವುದನ್ನು ತೋರಿಸುವ ಮುಂಚೆಯೇ ತೀರ್ಮಾನ ಮಾಡಿ. ತೂಗುಯ್ಯಾಲೆ, ಹಿತ್ತಾಳೆ ದೀಪ, ಜಗಲಿಯ ಬೆತ್ತದ ಕುರ್ಚಿ, ಸೋಲಾರ್, ಯುಪಿಎಸ್, ಹಂಡೆ ಇವೇ ಜಗಳಕ್ಕೆ ಬರುವಂಥವು. "ಉಯ್ಯಾಲೆ ಇರುತ್ತೆ ಅಂದಿದ್ರಿ", "ನಾನು ಹಾಗಂದಿಲ್ಲ" ಅಂತ ರಿಜಿಸ್ಟ್ರಾರ್ ಕಚೇರಿಯ ಮುಂದೆ ಮುಖ ಊದಿಸಿಕೊಳ್ಳುವುದಕ್ಕಿಂತ ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಪಟ್ಟಿ ಬರೆದು ಅಗ್ರಿಮೆಂಟಿಗೆ ಸೇರಿಸಿಬಿಡಿ.